ಟೈಟಲ್ಲಿಗೆ ಬಿದ್ದ ವಿಶಲ್

ಸಿನಿಮಾ ಸಂಘ ಅಂತ ಒಂದು ಕಟ್ಕೊಂಡ್ರೆ ನಗು ಹುಡುಕ್ಕೊಂಡು ಹೋಗೋದೇ ಬೇಡ. ಅದೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತೆ. ತೊಂಬತ್ತರ ದಶಕದ ಕೊನೇಲಿ ಜಯನಗರದಲ್ಲಿ ನಮ್ಮದೂ ಒಂದಿತ್ತು. ಅಧ್ಯಕ್ಷರ ಮನೆ ಮಹಡಿ, ಬಾಡಿಗೆ ವಿಡಿಯೋ ಪ್ರೊಜೆಕ್ಟರ್, ಭಾನುವಾರ ಸಂಜೆ ಒಂದು ಸಿನಿಮಾ.

ಬರೆಯೋರು ಯಾರು?

ಹಳೇ ಹಾಲಿವುಡ್ಡಿನ ಕಪ್ಪು-ಬಿಳುಪು ಕ್ರೈಂ ಸಿನಿಮಾಗಳು, ಫಿಲ್ಮ್ ನ್ವಾರ್ ಅಂತಾರಲ್ಲ, ಅವನ್ನ ತೋರಿಸೋಣ ಅಂದೆ. ಅದರಲ್ಲೂ ಹೆಂಗಸರು ಬರೆದಿರೋದು, ಎಡಿಟ್ ಮಾಡಿರೋದು, ಪ್ರೊಡ್ಯೂಸ್ ಮಾಡಿರೋದು. ಅವರ ಹೆಸರನ್ನ ನಮ್ಮ ಜನ ಒಂದ್ಸಲನಾದ್ರೂ ಓದಬೇಕು ಅನ್ನೋದು ನನ್ನ ಹಠ.

ಅಧ್ಯಕ್ಷರು ನಕ್ಕುಬಿಟ್ರು. "ಮೇಡಂ, ಕೊಲೆ ಕಥೆ ಎಲ್ಲಾದ್ರೂ ಹೆಂಗಸರು ಬರೀತಾರಾ?"

ಅವರ ಹೆಂಡತಿ ಕಾಫಿ ತಂದಿಟ್ಟು ಅಂದ್ರು: "ಮದುವೆ ಆದಾಗಿಂದ ಮನಸ್ಸಲ್ಲೇ ಬರೀತಿದೀನಿ. ಇನ್ನೂ ಒಂದೂ ತೆರೆಗೆ ಬಂದಿಲ್ಲ."

ವೋಲ್ಟೇಜ್

ಮೊದಲ ಸಿನಿಮಾ ಶುರುವಾಯ್ತು. ತೆರೆ ತುಂಬಾ ಕತ್ತಲೆ, ಒಂದು ಮೂಲೇಲಿ ಮಾತ್ರ ಬೆಳಕು. ಬನಶಂಕರಿಯಿಂದ ಬಂದಿದ್ದ ಅಂಕಲ್ ಒಬ್ರು ಎದ್ದು ನಿಂತು, "ವೋಲ್ಟೇಜ್ ಕಮ್ಮಿ ಇದೆ, ಸ್ಟೆಬಿಲೈಜರ್ ಹಾಕಿ!" ಅಂತ ಕೂಗಿದ್ರು.

"ಅಂಕಲ್, ಅದು ಇರೋದೇ ಹಾಗೆ, ಕೂತ್ಕೊಳ್ಳಿ" ಅಂದೆ. ಕೇಳಬೇಕಲ್ಲ! ಇನ್ನೊಬ್ರು ಹೋಗಿ ಫ್ಯೂಸ್ ಬೇರೆ ನೋಡ್ಕೊಂಡು ಬಂದ್ರು. ಈ ಗಲಾಟೇಲಿ ಟೈಟಲ್ ಎಲ್ಲಾ ಓಡಿಹೋಯ್ತು. ಎಡಿಟ್ ಮಾಡಿದಾಕೆ ಹೆಸರು ಒಬ್ರೂ ನೋಡ್ಲಿಲ್ಲ. ನನಗೆ ಅಳು ಬರೋದೊಂದು ಬಾಕಿ.

"ಜನಕ್ಕೆ ಬೇಡ ಮೇಡಂ. ಇನ್ನೊಂದು ವಾರ ನೋಡಿ ನಿಲ್ಲಿಸಿಬಿಡೋಣ" ಅಂದ್ರು ಅಧ್ಯಕ್ಷರು.

ಅಂಕಲ್ ಮಾತ್ರ ಹೋಗ್ತಾ ಸಮಾಧಾನ ಮಾಡಿದ್ರು: "ಬೇಜಾರ್ ಮಾಡ್ಕೋಬೇಡಮ್ಮ, ಮುಂದಿನ ವಾರ ನಮ್ಮನೆ ಟ್ಯೂಬ್‌ಲೈಟ್ ತರ್ತೀನಿ."

ಒನ್ಸ್ ಮೋರ್

ಮುಂದಿನ ಭಾನುವಾರ ಅಧ್ಯಕ್ಷರ ಹೆಂಡತಿ ಮೆಟ್ಟಿಲ ಮೇಲೆ ನಿಂತು, "ಟೈಟಲ್ ಓದಿದೋರಿಗೆ ಮಾತ್ರ ಕೇಸರಿಬಾತ್" ಅಂತ ಅಪ್ಪಣೆ ಹೊರಡಿಸಿದ್ರು. ಟ್ಯೂಬ್‌ಲೈಟ್ ಅಂಕಲ್ ಕೂಡ ಗಪ್‌ಚುಪ್. ಕಥೆ ಬರೆದಾಕೆ ಹೆಸರು ತೆರೆ ಮೇಲೆ ಬಂದಿದ್ದೇ ತಡ, ಹಿಂದಿನ ಸಾಲಿಂದ ಒಂದು ವಿಶಲ್! ಹೀರೋ ಎಂಟ್ರಿಗೆ ಹೊಡೀತಾರಲ್ಲ, ಅಂಥದ್ದು. ತಿರುಗಿ ನೋಡಿದ್ರೆ ಅಧ್ಯಕ್ಷರ ಹೆಂಡತಿ, ಬಾಯಲ್ಲಿ ಎರಡು ಬೆರಳು.

ಹೆಂಗಸರೆಲ್ಲಾ ಚಪ್ಪಾಳೆ ಹೊಡೆದು "ಒನ್ಸ್ ಮೋರ್!" ಅಂದ್ರು. ಕ್ಯಾಸೆಟ್ ರಿವೈಂಡ್ ಮಾಡಿದ್ದು ಅಧ್ಯಕ್ಷರೇ. ಆ ಹೆಸರು ಎರಡನೇ ಸಲ ಬಂದಾಗ ಇಡೀ ಹಾಲ್ ಜೋರಾಗಿ ಓದ್ತು. ನನಗಾದ ಖುಷಿ ಅಷ್ಟಿಷ್ಟಲ್ಲ.

ಸಿನಿಮಾ ಮುಗಿದ ಮೇಲೆ ಅಧ್ಯಕ್ಷರು ಮೆಲ್ಲಗೆ ಕೇಳಿದ್ರು: "ಮುಂದಿನ ವಾರ ಏನು ಕಥೆ?"

"ಹೆಂಡತಿ ಗಂಡನಿಗೆ ವಿಷ ಹಾಕೋದು ಸಾರ್."

"ಬರೆದಿದ್ದು?"

"ಹೆಂಗಸೇ."

ಒಮ್ಮೆ ಹೆಂಡತಿ ಕಡೆ ನೋಡಿದ್ರು. ಆಕೆ ನಗ್ತಾ ಇದ್ರು.

"ಸರಿ, ತೋರಿಸಿ" ಅಂದ್ರು. "ಆದ್ರೆ ಅವತ್ತಿಂದ ಕಾಫಿ ನಾನೇ ಮಾಡ್ತೀನಿ."