ಮೂರು ಕಾಸಿಗೆ ಹರಾಜಾದ ಮಾನದ ವಾಪಸಾತಿ

ಚಿಲ್ಲರೆ ವಿಷಯಗಳ ಕಚೇರಿ
(ಶಿಕಾರಿಪುರ–ಸೊರಬ ಜಂಟಿ ವಿಭಾಗ)

ಸಂಖ್ಯೆ: ಚಿವಿಕ/ಮಾನ/೩ ಪೈ/ಕುರಿ/೨೦೨೪-೨೫

ಸುತ್ತೋಲೆ

ವಿಷಯ: ಚಲಾವಣೆಯಲ್ಲಿಲ್ಲದ ನಾಣ್ಯಕ್ಕೆ ಮಾನ ಹರಾಜು ಹಾಕುವುದನ್ನು ನಿರ್ಬಂಧಿಸುವ ಕುರಿತು.

ಉಲ್ಲೇಖ: ತಾಳಗುಂದದ ಶ್ರೀಮತಿ ವರದಮ್ಮನವರ ಅರ್ಜಿ (ಕಣ್ಣೀರು ಬಿದ್ದ ಕಡೆ ಅಕ್ಷರ ಓದಲಾಗುತ್ತಿಲ್ಲ).

ಅರ್ಜಿದಾರರು ಮಗಳು ಪವಿತ್ರಳ ನಿಶ್ಚಿತಾರ್ಥದ ದಿನ, ತಮ್ಮ ಚಿಕ್ಕಬೀರಪ್ಪನವರು ಕುಪ್ಪಗಡ್ಡೆಯಿಂದ ಬೀಗರ ಊಟಕ್ಕೆಂದು ತಂದ ಕುರಿಯನ್ನು ನೋಡಿ, ಬೀಗರ ಎದುರೇ, "ಇದೇನ್ ಕುರಿ ತಂದಿಯೋ, ಬೆಕ್ಕು ತಂದಿಯೋ?" ಎಂದಿರುತ್ತಾರೆ. ಸದರಿ ತಮ್ಮನವರು "ಅಕ್ಕಾ, ನನ್ ಮಾನ ಮೂರು ಕಾಸಿಗೆ ಹರಾಜು ಹಾಕಿದ್ಯಲ್ಲ!" ಎಂದು ಕುರಿಸಮೇತ ನಿರ್ಗಮಿಸಿ, ಅಂದಿನಿಂದ ಮಾತು ಬಿಟ್ಟಿರುತ್ತಾರೆ. ಮದುವೆ ಬರುವ ಭಾನುವಾರವಿದ್ದು, ಮದುಮಗಳನ್ನು ಮಂಟಪಕ್ಕೆ ಕರೆತರಲು ಇರುವ ಸೋದರಮಾವ ಇವರೊಬ್ಬರೇ. "ಹರಾಜಲ್ಲಿ ಯಾರು ಹಿಡಿದ್ರು ಹೇಳ್ರೀ, ಮೂರು ಕಾಸು ನಾನೇ ಕೊಟ್ಟು ಬಿಡಿಸ್ಕಂತೀನಿ" ಎಂದು ಅರ್ಜಿದಾರರು ಕೋರಿರುತ್ತಾರೆ.

ಕಡತ ಪರಿಶೀಲಿಸಲಾಗಿ, ಅಲ್ಯೂಮಿನಿಯಂನ, ಆರು ಮೂಲೆಯ ಮೂರು ಪೈಸೆ ನಾಣ್ಯವು ೧೯೬೪ರಲ್ಲಿ ಹುಟ್ಟಿ, ೧೯೭೧ರ ನಂತರ ಟಂಕಸಾಲೆಯಿಂದ ಹೊರಬೀಳದೆ, ೨೦೧೧ರಲ್ಲಿ ಅಮಾನ್ಯಗೊಂಡಿರುವುದು ಕಂಡುಬಂದಿದೆ. ಬದುಕಿದ್ದಾಗಲೂ ಅದಕ್ಕೆ ಯಾರೂ ಮರ್ಯಾದೆ ಕೊಟ್ಟ ದಾಖಲೆ ಲಭ್ಯವಿಲ್ಲ. ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

೧. ಕಾಸು ಎಂದಿರುವಲ್ಲೆಲ್ಲ ಪೈಸೆ ಎಂದು ಓದಿಕೊಳ್ಳತಕ್ಕದ್ದು.

೨. ನಾಣ್ಯ ಅಮಾನ್ಯಗೊಂಡ ನಂತರ ಮೂರು ಕಾಸಿಗೆ ನಡೆದ ಮಾನದ ಹರಾಜುಗಳೆಲ್ಲ ಅಸಿಂಧು. ಅದಕ್ಕೂ ಮೊದಲು ಮಾನ ಕಳೆದುಕೊಂಡವರು ಈ ಕಚೇರಿಗೆ ಅಲೆಯತಕ್ಕದ್ದಲ್ಲ.

೩. ಇನ್ನು ಮುಂದೆ ಯಾರದೇ ಮಾನವಾಗಲಿ, ಕಾನೂನಿನಂತೆ ಇನ್ನೂ ಮಾನ್ಯವಿರುವ ಅತಿ ಚಿಕ್ಕ ನಾಣ್ಯವಾದ ಎಂಟಾಣೆಗೆ ಕಡಿಮೆ ಇಲ್ಲದಂತೆ ಸವಾಲು ಕೂಗತಕ್ಕದ್ದು. ಹತ್ತು ರೂಪಾಯಿ ನಾಣ್ಯ ಕಂಡರೆ ಅಂಗಡಿಯವರೇ ಮುಖ ಸಿಂಡರಿಸುವುದರಿಂದ, ಮಾನವಂತರ ವಿಷಯದಲ್ಲಿ ನೋಟನ್ನೇ ಬಳಸುವುದು.

೪. ಕುರಿಯನ್ನು ಬೆಕ್ಕೆಂದು ಕರೆಯುವ ಮುನ್ನ ಪಶುವೈದ್ಯರ ದೃಢೀಕರಣ ಪಡೆಯತಕ್ಕದ್ದು. ಸದರಿ ಪ್ರಾಣಿಯ ಸ್ಥಳ ತನಿಖೆ ನಡೆಸಲಾಗಿ, ಬಡಕಲಾದರೂ ಕುರಿಯೇ ಎಂದು ಕಂಡುಬಂದಿದೆ. ಬೆಕ್ಕುಗಳಿಂದ ಆಕ್ಷೇಪಣೆ ಸ್ವೀಕೃತವಾಗಿಲ್ಲ.

೫. ಮೇಲ್ಕಂಡ ಕಾರಣಗಳಿಂದ ಚಿಕ್ಕಬೀರಪ್ಪನವರ ಮಾನವು ಹರಾಜಾಗಿಯೇ ಇಲ್ಲ, ಅವರ ಸ್ವಾಧೀನದಲ್ಲೇ ಇದೆ ಎಂದು ಘೋಷಿಸಲಾಗಿದೆ. ಅದರೊಂದಿಗೆ ಅವರು ಭಾನುವಾರ ಮುಹೂರ್ತಕ್ಕೆ ಮೊದಲೇ ಹಾಜರಾಗತಕ್ಕದ್ದು. ಕುರಿ ಐಚ್ಛಿಕ.

ಸಹಿ/-
ಅಧೀಕ್ಷಕರು
ಚಿಲ್ಲರೆ ವಿಷಯಗಳ ಕಚೇರಿ
(ಮೊಹರು ಸಿಕ್ಕ ನಂತರ ಒತ್ತಲಾಗುವುದು)

ಪ್ರತಿಗಳು:
೧. ಬೀಗರಿಗೆ – ಕೇಳಿದ್ದನ್ನು ಮರೆಯುವ ಸಲುವಾಗಿ.
೨. ಕುರಿಗೆ – ಓದಿ ಹೇಳತಕ್ಕದ್ದು, ತಿನ್ನಲು ಬಿಡತಕ್ಕದ್ದಲ್ಲ.
೩. ಶ್ರೀಮತಿ ವರದಮ್ಮ, ತಾಳಗುಂದ – ಶುಲ್ಕವೇನೂ ಇಲ್ಲ. "ತಪ್ಪಾಯ್ತು ಕಣೋ" ಎಂದರೆ ಸಾಕು.
೪. ಶ್ರೀ ಚಿಕ್ಕಬೀರಪ್ಪ, ಕುಪ್ಪಗಡ್ಡೆ – ಈ ಪ್ರತಿಯನ್ನು ಅಕ್ಕನೇ ಖುದ್ದಾಗಿ ತರುತ್ತಿದ್ದಾರೆ. ಬಾಗಿಲು ತೆರೆದು ಸ್ವೀಕರಿಸತಕ್ಕದ್ದು.