ಹೆಡ್‌ಮಾಸ್ತರರಿಗೆ ಜ್ವರ ಬರಿಸುತ್ತಿದ್ದ ನಮ್ಮ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ದಾವಣಗೆರೆಗೆ ಶಾಲಾ ಇನ್ಸ್‌ಪೆಕ್ಟರಾಗಿ ಬಂದ ಮೇಲೆ ಊರಿನ ಹೆಡ್‌ಮಾಸ್ತರರಿಗೆಲ್ಲ ಶುಕ್ರವಾರ ಸಂಜೆ ತಪ್ಪದೆ ಜ್ವರ ಬರತೊಡಗಿತು! ಸೋಮವಾರ ಬೆಳಿಗ್ಗೆ ತಾನಾಗಿಯೇ ಇಳಿದುಹೋಗುತ್ತಿತ್ತು. ಯಾವ ಡಾಕ್ಟರಿಗೂ ತಿಳಿಯದ ಈ ರೋಗದ ಮೂಲ ನನಗೆ ಗೊತ್ತಿತ್ತು. ಏಕೆಂದರೆ ಆ ಮೂಲದ ಮನೆಯಲ್ಲೇ ನಾನು ಉಂಡು ಮಲಗುತ್ತಿದ್ದೆ. ಟ್ರೈನಿಂಗ್ ಮುಗಿಸಿ ಊರಂಚಿನ ನಿಟ್ಟುವಳ್ಳಿಯ ಪ್ರೈಮರಿ ಶಾಲೆಗೆ ಮೇಡಂ ಆಗಿ ಸೇರಿದ ಹೊಸದು. ಚಿಕ್ಕಪ್ಪನ ಮನೆಯಲ್ಲಿ ಊಟ, ಚಿಕ್ಕಪ್ಪನ ಇಲಾಖೆಯಲ್ಲಿ ಕೆಲಸ. ತಪ್ಪಿಸಿಕೊಳ್ಳುವುದಾದರೂ ಎಲ್ಲಿಗೆ?

ಇನ್ಸ್‌ಪೆಕ್ಟರು ಅಂದರೆ ಆಗ ಏನಂತ ತಿಳಿದಿದ್ದೀರಿ? ಬರುತ್ತಾರೆ, ಹಾಜರಿ ಪುಸ್ತಕ ನೋಡುತ್ತಾರೆ, ಒಬ್ಬ ಹುಡುಗನಿಗೆ ಹದಿಮೂರರ ಮಗ್ಗಿ ಕೇಳುತ್ತಾರೆ, ಬೆಣ್ಣೆದೋಸೆ ತಿಂದು ಹೋಗುತ್ತಾರೆ. ಚಿಕ್ಕಪ್ಪ ದೋಸೆ ಬಿಡುತ್ತಿರಲಿಲ್ಲ, ನಿಜ. ಆದರೆ ಹಾಜರಿ ಪುಸ್ತಕ ಮುಟ್ಟುತ್ತಿರಲಿಲ್ಲ. ಸೀದಾ ತರಗತಿಗೆ ಹೋಗಿ ಹಿಂದಿನ ಸಾಲಿನಲ್ಲಿ ಮಕ್ಕಳ ಜತೆ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದರು. ಆಮೇಲೆ ಹೆಡ್‌ಮಾಸ್ತರರನ್ನು ಕೇಳುತ್ತಿದ್ದರು:

"ಈ ಮೇಡಂ ಭಾಗಾಕಾರ ಹೆಂಗೆ ಹೇಳಿಕೊಡ್ತಾರ್ರಿ?"

"ಚೆನ್ನಾಗೇ ಹೇಳ್ಕೊಡ್ತಾರೆ ಸಾರ್."

"ನೀವು ಯಾವತ್ತು ನೋಡಿದ್ರಿ?"

ಅಲ್ಲಿಗೆ ಹೆಡ್‌ಮಾಸ್ತರರಿಗೆ ಕೆಮ್ಮು.

ಹಳೇ ಪೇಟೆಯ ಒಂದು ಶಾಲೆಯಲ್ಲಿ ಹೆಡ್‌ಮಾಸ್ತರರು ಕುರ್ಚಿಯಲ್ಲೇ ನಿದ್ದೆ ಹೋಗಿದ್ದರಂತೆ. ಚಿಕ್ಕಪ್ಪ ಎಬ್ಬಿಸಿ ಬಯ್ಯಲಿಲ್ಲ. "ಮಾಸ್ತರ, ಸ್ವಲ್ಪ ಏಳ್ರಿ" ಎಂದು, ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋಗಿ ನಾಲ್ಕನೇ ತರಗತಿಯ ಹಿಂದೆ ಹಾಕಿ, "ಈಗ ಕೂತ್ಕಳ್ರಿ. ದಿನಾ ಒಂದು ತಾಸು ಇಲ್ಲೇ ಕೂತ್ಕಳ್ರಿ. ನಿದ್ದೆ ಬಂದ್ರೆ ಪಾಠ ಸರಿ ಇಲ್ಲ ಅಂತ ತಿಳ್ಕಳ್ರಿ!" ಎಂದರು.

ಸುದ್ದಿ ಊರೆಲ್ಲ ಹಬ್ಬುವಷ್ಟರಲ್ಲಿ "ಇನ್ಸ್‌ಪೆಕ್ಟರು ಕುರ್ಚಿ ಕಿತ್ಕೊಂಡು ಹೋಗ್ತಾರೆ" ಎಂದಾಗಿತ್ತು. ಒಬ್ಬ ಹೆಡ್‌ಮಾಸ್ತರರು ಮುಂಜಾಗ್ರತೆಯಾಗಿ ತಮ್ಮ ಕುರ್ಚಿಯನ್ನು ಪಕ್ಕದ ದರ್ಜಿ ಅಂಗಡಿಯಲ್ಲಿ ಅಡಗಿಸಿಟ್ಟರು. ಚಿಕ್ಕಪ್ಪ ಹೋದಾಗ ಅವರು ಗೋಡೆಗೆ ಒರಗಿ ನಿಂತಿದ್ದರು.

"ಕುರ್ಚಿ ಎಲ್ರಿ?"

"ನಾನು ಕುರ್ಚಿ ಬಿಟ್ಟು ಒಂದು ವರ್ಷ ಆತು ಸಾರ್. ತರಗತೀಲೇ ಇರ್ತೀನಿ, ಕೂರಾಕೆ ಟೈಮೆಲ್ಲಿ?"

ಆಗಲೇ ದರ್ಜಿ ಬಾಗಿಲಲ್ಲಿ ತಲೆ ಹಾಕಿದ: "ಮಾಸ್ತರ, ನಿಮ್ಮ ಕುರ್ಚಿ ಕಾಲು ಅಲ್ಲಾಡ್ತೈತೆ. ಮೊಳೆ ಹೊಡೀಲೇನ್ರಿ?"

ಮನೆಯಲ್ಲಿ ಈ ಆಟ ನಡೆಯುತ್ತಿರಲಿಲ್ಲ ಅನ್ನಿ. ಒಂದು ದಿನ ಚಿಕ್ಕಮ್ಮ ರೊಟ್ಟಿ ಬಡಿಯುವಾಗ ಚಿಕ್ಕಪ್ಪ ಪಕ್ಕದಲ್ಲಿ ನಿಂತು, ಶಾಲೆಗಳಲ್ಲಿ ಪಾಠದ ಉದ್ದೇಶ ಕೇಳುವ ಹಾಗೆ, "ಇವತ್ತಿನ ರೊಟ್ಟಿಯ ಉದ್ದೇಶ ಏನು?" ಎಂದು ಕೇಳಿದರು. ಚಿಕ್ಕಮ್ಮ ತಲೆಯೆತ್ತದೆ, "ನಿಮ್ಮ ಬಾಯಿ ಮುಚ್ಚೋದು. ತಟ್ಟೆ ತಗಳ್ರಿ" ಎಂದರು. ಚಿಕ್ಕಪ್ಪನ ಕೈಕೆಳಗಿನ ಇಡೀ ರೇಂಜಿನಲ್ಲಿ ಉದ್ದೇಶ ಸ್ಪಷ್ಟವಾಗಿದ್ದ ಪಾಠ ಅದೊಂದೇ!

ಇನ್ನು ಆ ಶುಕ್ರವಾರ ಸಂಜೆಯ ಜ್ವರದ ವಿಷಯ. ಚಿಕ್ಕಪ್ಪ ಒಂದು ಹೊಸ ಪದ್ಧತಿ ಹಾಕಿದರು. ಶನಿವಾರ ಶಾಲೆ ಅರ್ಧ ದಿನ. ಅದು ಮುಗಿದ ಮೇಲೆ ದಾವಣಗೆರೆ, ಹರಿಹರದ ಹೆಡ್‌ಮಾಸ್ತರರೆಲ್ಲ ಒಂದು ಶಾಲೆಯಲ್ಲಿ ಸೇರಬೇಕು. ಅವರಲ್ಲಿ ಒಬ್ಬರು ನಿಜವಾದ ಮಕ್ಕಳಿಗೆ ನಿಜವಾದ ಪಾಠ ಮಾಡಬೇಕು. ಮಿಕ್ಕವರೂ ಆ ಶಾಲೆಯ ಮೇಡಂ-ಮಾಸ್ತರರೂ ಕೂತು ನೋಡಿ, ಆಮೇಲೆ ತಲೆಗೊಂದು ತಪ್ಪು ಹೇಳಬೇಕು. ಇಪ್ಪತ್ತು ವರ್ಷದಿಂದ ಸೀಮೆಸುಣ್ಣ ಮುಟ್ಟದವರಿಗೆ ಜ್ವರ ಬಾರದೆ ಇನ್ನೇನು ಬರಬೇಕು!

ಮೊದಲ ಎರಡು ಶನಿವಾರ ಯಾರೂ ತಪ್ಪು ಹೇಳಲಿಲ್ಲ. "ಬಾಳ ಚೆನ್ನಾಗಿತ್ತು ಸಾರ್" ಎಂದು ಎಲ್ಲರದೂ ಒಂದೇ ರಾಗ. ಇವತ್ತು ನಾನು ನಿನ್ನದು ಹೇಳಿದರೆ ನಾಳೆ ನೀನು ನನ್ನದು ಹೇಳುತ್ತೀ ಎಂಬ ಒಳ ಒಪ್ಪಂದ. ಚಿಕ್ಕಪ್ಪ, "ಹಂಗಾದ್ರೆ ಮುಂದಿನ ಶನಿವಾರ ನಾನೇ ಪಾಠ ಮಾಡ್ತೀನಿ" ಎಂದು ಘೋಷಿಸಿದರು. ಜಾಗ? ನಮ್ಮ ನಿಟ್ಟುವಳ್ಳಿ ಶಾಲೆ. ನನ್ನದೇ ಮೂರನೇ ತರಗತಿ!

ಸೇರು, ಪಾವು ಹೋಗಿ ಕಿಲೋ ಬಂದಿದ್ದ ಹೊಸತು. ಚಿಕ್ಕಪ್ಪ ತಕ್ಕಡಿ, ಒಂದು ಕಿಲೋ ಬಟ್ಟು ಮತ್ತು, ಮಕ್ಕಳಿಗೆ ಖುಷಿಯಾಗಲಿ ಅಂತ, ಒಂದು ಚೀಲ ಮಂಡಕ್ಕಿ ತಂದರು. ಅಲ್ರೀ, ಮಂಡಕ್ಕಿಯನ್ನು ಯಾರಾದರೂ ತೂಕ ಹಾಕುತ್ತಾರಾ? ದಾವಣಗೆರೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು, ಅದನ್ನು ಅಳೆದು ಕೊಡುತ್ತಾರೆ! ಒಂದು ತಟ್ಟೆಗೆ ಬಟ್ಟು ಇಟ್ಟು, ಇನ್ನೊಂದಕ್ಕೆ ಮಂಡಕ್ಕಿ ಸುರಿಯುತ್ತಾ, "ನೋಡ್ರಿ ಮಕ್ಕಳೇ, ತಟ್ಟೆ ಈಗ ಇಳಿಯುತ್ತೆ" ಎಂದರು. ತಟ್ಟೆ ತುಂಬಿತು. ಇಳಿಯಲಿಲ್ಲ. ಗೋಪುರವಾಯಿತು. ಇಳಿಯಲಿಲ್ಲ. ಗೋಪುರ ಕುಸಿದು ನೆಲವೆಲ್ಲ ಮಂಡಕ್ಕಿ. "ಈಗ ಇಳಿಯುತ್ತೆ!" ಎಂದು ಅವರು ಇನ್ನೂ ಸುರಿಯುತ್ತಲೇ ಇದ್ದರು. ಮಕ್ಕಳು ಎಷ್ಟು ಹೊತ್ತು ತಡೆದಾರು? ಎರಡು ನಿಮಿಷದಲ್ಲಿ ಕಿಲೋವೂ ಇಲ್ಲ, ಪಾಠವೂ ಇಲ್ಲ. ನಲವತ್ತು ಬಾಯಿಗಳ ಕರಕರ ಸದ್ದು ಮಾತ್ರ!

ಮಕ್ಕಳನ್ನು ಕಳಿಸಿದ ಮೇಲೆ ಚಿಕ್ಕಪ್ಪ ಬೆವರು ಒರೆಸಿಕೊಂಡು, "ಹ್ಞಾಂ, ತಪ್ಪು ಹೇಳ್ರಿ" ಎಂದರು.

"ಬಾಳ ಚೆನ್ನಾಗಿತ್ತು ಸಾರ್!"

ನನಗೆ ಎಲ್ಲಿಂದ ಧೈರ್ಯ ಬಂತೋ. "ಚಿಕ್ಕಪ್ಪ, ಅಲ್ಲ, ಸಾರ್... ಮಂಡಕ್ಕಿ ಬದಲು ಬೆಲ್ಲ ತರಬೇಕಿತ್ರಿ. ಮತ್ತೆ, ತಕ್ಕಡೀನ ನೀವೇ ಹಿಡಿದಿದ್ರಿ. ಮಕ್ಕಳ ಕೈಗೆ ಕೊಡ್ಲೇ ಇಲ್ಲ. ಮಾತೂ ನಿಮ್ದೇ, ತೂಕಾನೂ ನಿಮ್ದೇ."

ನನ್ನ ಹೆಡ್‌ಮಾಸ್ತರರು ಕಣ್ಣು ಮುಚ್ಚಿಕೊಂಡರು. ಚಿಕ್ಕಪ್ಪ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ಪೆನ್ಸಿಲ್ ನಾಲಿಗೆಗೆ ತಾಗಿಸಿ, "ಎರಡನೇದು ಇನ್ನೊಂದು ಸಲ ಹೇಳವ್ವ, ಬರ್ಕಳ್ತೀನಿ" ಎಂದರು.

ಬರೆದುಕೊಂಡರು ಕೂಡ! ಅದನ್ನು ಕಂಡದ್ದೇ ತಡ, ಕಟ್ಟೆ ಒಡೆಯಿತು. ಒಬ್ಬರು ಬೋರ್ಡು ಬಳಸಲಿಲ್ಲ ಎಂದರು, ಒಬ್ಬರು ಹುಡುಗಿಯರ ಕಡೆ ನೋಡಲೇ ಇಲ್ಲ ಎಂದರು, ಕುರ್ಚಿ ಅಡಗಿಸಿದ್ದವರು ಎರಡು ತಪ್ಪು ಜಾಸ್ತಿಯೇ ಹೇಳಿದರು. ಒಟ್ಟು ಹದಿನೇಳು! ಮನೆಗೆ ಬರುವಾಗ ಚಿಕ್ಕಪ್ಪ ಬಹುಮಾನ ಗೆದ್ದವರ ಹಾಗೆ ನಡೆಯುತ್ತಿದ್ದರು. "ನೋಡಿದ್ಯಾ? ಇವತ್ತು ಹೆಡ್‌ಮಾಸ್ತರು ಮೊದಲನೇ ಸಲ ಪಾಠದ ಬಗ್ಗೆ ಮಾತಾಡಿದ್ರು!"

ಅವತ್ತಿನಿಂದ ಜ್ವರ ಇಳಿಯತೊಡಗಿತು. ಹೆಡ್‌ಮಾಸ್ತರರು ತರಗತಿಗೆ ಬಂದು ಕೂತು, "ಮೇಡಂ, ಆ ಲೆಕ್ಕ ಹಿಂಗೆ ಹೇಳಿದ್ರೆ ಹೆಂಗೆ?" ಎಂದು ಕೇಳುವುದು, ನಾವು ಮುಖ ಊದಿಸಿಕೊಳ್ಳುವುದು, ಆಮೇಲೆ ಅದು ಸರಿ ಎಂದು ಗೊತ್ತಾಗುವುದು, ಎಲ್ಲ ಶುರುವಾಯಿತು. ಭಾನುವಳ್ಳಿಯಂಥ ಹಳ್ಳಿಯ ಮಾಸ್ತರರೂ ಬಸ್ಸು ಹಿಡಿದು ನೋಡಲು ಬಂದರು.

ಜ್ವರ ಇಳಿಯದಿದ್ದವರು ಒಬ್ಬರೇ: ಹರಿಹರದ ಹೆಡ್‌ಮಾಸ್ತರರು, ಹುಸೇನ್ ಮಾಸ್ತರು. ವಯಸ್ಸಾದವರು, ಗಂಭೀರ ಮನುಷ್ಯ, ಮುತ್ತು ಪೋಣಿಸಿದಂಥ ಕೈಬರಹಕ್ಕೆ ಜಿಲ್ಲೆಗೆಲ್ಲ ಹೆಸರಾದವರು. ಅವರ ಸರದಿ ಬಂದಾಗಲೆಲ್ಲ ಒಂದು ನೆಪ. ತಂಗಿಯ ಮದುವೆ ಎಂದು ಮೂರು ಸಲ ಹೇಳಿಕಳಿಸಿದರು. "ಎಷ್ಟು ಜನ ತಂಗೇರಪ್ಪ ಇವ್ರಿಗೆ!" ಎಂದು ಚಿಕ್ಕಪ್ಪ ಗೊಣಗಿದರು.

ಅಷ್ಟರಲ್ಲಿ ಚಿತ್ರದುರ್ಗದಿಂದ ಕರೆ ಬಂತು. ಚಿಕ್ಕಪ್ಪನ ಮೇಲಧಿಕಾರಿಗಳಿಗೆ ಒಂದು ಮೂಗರ್ಜಿ ಹೋಗಿತ್ತು. ಇನ್ಸ್‌ಪೆಕ್ಟರು ಹಿರಿಯರ ತಪ್ಪನ್ನು ಕಿರಿಯರ ಬಾಯಲ್ಲಿ ಹೇಳಿಸುತ್ತಾರೆ, ಹುದ್ದೆಯ ಘನತೆ ಮರೆತು ನೆಲದ ಮೇಲೆ ಕೂರುತ್ತಾರೆ, ತರಗತಿಯಲ್ಲಿ ಮಂಡಕ್ಕಿ ಚೆಲ್ಲುತ್ತಾರೆ! ಅರ್ಜಿಯನ್ನು ಮುಂದಿಟ್ಟು ಅಧಿಕಾರಿಗಳು, "ಬರೆದವರು ಯಾರು ಗೊತ್ತೇನ್ರಿ?" ಎಂದರಂತೆ.

ಚಿಕ್ಕಪ್ಪ "ಗೊತ್ತಿಲ್ಲ ಸಾರ್" ಎಂದು ಬಂದರು. ಅಲ್ಲೇ ಕೂತು ಉತ್ತರ ಬರೆದುಕೊಟ್ಟಿದ್ದರಂತೆ: "ಮೂರೂ ಆರೋಪ ನಿಜ. ಮೊದಲೆರಡು ಮುಂದುವರಿಯುತ್ತವೆ. ಮುಂದಿನ ಸಲ ಬೆಲ್ಲ ಬಳಸಲಾಗುವುದು."

ಆದರೆ ಮನೆಗೆ ಬಂದವರು ಊಟ ಮಾಡಲಿಲ್ಲ. ನನ್ನನ್ನು ಕರೆದು ಮೆಲ್ಲಗೆ ಹೇಳಿದರು: "ಅಕ್ಷರ ಒಂದೊಂದೂ ಮುತ್ತು ಕಣವ್ವ. ಆದ್ರೆ ಒಂದು ಸಾಲು ಇನ್ನೊಂದರ ಮ್ಯಾಲೆ ಹತ್ತಿ ಕೂತೈತೆ. ಕೊನೇ ಸಾಲು ಕಾಗದ ಬಿಟ್ಟೇ ಹೊರಗೆ ಹೋಗೈತೆ. ಹುಸೇನ್ ಮಾಸ್ತರಿಗೆ ಕಣ್ಣು ಕಾಣವಲ್ದು."

ಭಾನುವಾರ ಬಂತು. ಬೆಳಗಿನ ಗಾಡಿಗೆ ನನ್ನನ್ನೂ ಕರೆದುಕೊಂಡು ಹರಿಹರಕ್ಕೆ ಹೋದರು. ಮಾಸ್ತರು ಬಾಗಿಲು ತೆರೆದು, ಎದುರಿಗೆ ನಿಂತವರ ಮುಖ ನೋಡಿಯೂ "ಯಾರ್ರಿ?" ಎಂದರು. ಚಿಕ್ಕಪ್ಪನ ದನಿ ಕೇಳಿದ ಮೇಲೆ ಬೆವತುಹೋದರು. ಅವರ ಹೆಂಡತಿ "ಬಾ ಬೇಟಿ" ಎಂದು ನನ್ನನ್ನು ಕೂರಿಸಿ ಚಹಾ ತಂದಿಟ್ಟರು.

"ಮಾಸ್ತರ, ಕಣ್ಣು ಎಷ್ಟು ದಿನದಿಂದ ಹಿಂಗೆ?"

ಮಾಸ್ತರು ಕೈಯಿಂದ ಚಾಪೆ ತಡವಿ ಕೂತರು. "ಪೊರೆ ಬಂದೈತ್ರಿ. ವರ್ಷದ ಮ್ಯಾಲಾತು. ಪುಸ್ತಕ ಕಾಣಲ್ಲ, ಬೋರ್ಡು ಕಾಣಲ್ಲ. ಎಲ್ರ ಮುಂದೆ ಪಾಠ ಮಾಡಿದ್ರೆ ಗೊತ್ತಾಗ್ತೈತಲ್ರಿ. ಇನ್ನೂ ಎರಡು ವರ್ಷ ನೌಕರಿ ಐತೆ. ಕುರುಡ ಅಂತ ಮನೀಗೆ ಕಳಿಸಿದ್ರೆ..." ಆಮೇಲೆ ತಲೆ ತಗ್ಗಿಸಿ, "ಸಾಹೇಬ್ರ, ಆ ಅರ್ಜಿ..."

"ಯಾವ ಅರ್ಜಿ? ನನಗೆ ದಿನಾ ನೂರು ಅರ್ಜಿ ಬರ್ತಾವ್ರಿ. ಅದು ಬಿಡ್ರಿ. ಪುಸ್ತಕ, ಬೋರ್ಡು ಎರಡೂ ಇಲ್ದೆ ಏನು ಪಾಠ ಮಾಡ್ತೀರಿ, ಹೇಳ್ರಿ."

"ಬಾಯಿಲೆಕ್ಕ ಮಾಡಬಲ್ಲೆ."

"ಶನಿವಾರ ಎಲ್ರನ್ನೂ ಇಲ್ಲಿಗೇ ಕರ್ಕೊಂಡು ಬರ್ತೀನಿ!"

ಶನಿವಾರ ಹರಿಹರದ ಶಾಲೆಯಲ್ಲಿ ಅಷ್ಟೂ ಜನ ಗೋಡೆಗೆ ಅಂಟಿ ಕೂತಿದ್ದೆವು. ಹುಸೇನ್ ಮಾಸ್ತರು ಬರಿಗೈಯಲ್ಲಿ ಮಕ್ಕಳ ನಡುವೆ ನಿಂತರು. "ಒಂದು ಅಂಗಿಗೆ ಎರಡೂವರೆ ಗಜ ಬಟ್ಟೆ. ಏಳು ಅಂಗಿಗೆ?"

"ಹದಿನೇಳೂವರೆ ಸಾರ್!"

"ಯಾರು, ಗಂಗವ್ವನಾ? ನಿನ್ನ ತಲೆಯೊಳಗೆ ಹೆಂಗೆ ಬಂತು, ಹೇಳು."

"ಏಳೆರಡ್ಲೆ ಹದಿನಾಲ್ಕು. ಏಳು ಅರ್ಧ ಮೂರೂವರೆ."

"ಬೇರೆ ದಾರೀಲಿ ಬಂದೋರು ಯಾರು?"

ಮೂಲೆಯಿಂದ ಒಬ್ಬ, "ಎರಡು ಅಂಗಿಗೆ ಐದು ಗಜ ಸಾರ್. ಆರಕ್ಕೆ ಹದಿನೈದು. ಇನ್ನೊಂದು ಅಂಗಿ ಸೇರಿಸಿದೆ" ಎಂದ.

"ಶಾಬಾಶ್ ಬಸ್ಯಾ! ಎರಡೂ ದಾರಿ ಊರಿಗೇ ಬರ್ತಾವೆ."

ಒಂದು ತಾಸು. ಒಂದು ಮಗುವೂ ಕಿಟಕಿಯಾಚೆ ನೋಡಲಿಲ್ಲ. ಅವರು ದನಿಯಿಂದಲೇ ಪ್ರತಿಯೊಬ್ಬರ ಹೆಸರು ಹಿಡಿದು ಕರೆಯುತ್ತಿದ್ದರು. ಪಾಠ ಮುಗಿದ ಮೇಲೆ ತಪ್ಪು ಹೇಳುವ ಸರದಿ. ಯಾರೂ ಬಾಯಿ ತೆರೆಯಲಿಲ್ಲ. ಈ ಸಲ ಒಳ ಒಪ್ಪಂದದಿಂದಲ್ಲ. ಕೊನೆಗೆ ಚಿಕ್ಕಪ್ಪನೇ ಎದ್ದು, "ಒಂದು ತಪ್ಪೈತೆ. ಇಷ್ಟು ದಿನ ಇದನ್ನ ನಮ್ಮಿಂದ ಮುಚ್ಚಿಟ್ಟಿದ್ರಿ" ಎಂದರು.

ಬೇಸಿಗೆ ರಜೆಯಲ್ಲಿ ಮಾಸ್ತರಿಗೆ ಕಣ್ಣಿನ ಆಪರೇಷನ್ ಆಯಿತು. ಚಿಕ್ಕಪ್ಪ ಜತೆಗೆ ಹೋಗಿ ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಬಂದರು. ದಪ್ಪ ಗಾಜಿನ ಕನ್ನಡಕ ಬಂತು. ಆಮೇಲೆ ಎರಡೂ ಊರಿನ ಹೊಸ ಮೇಡಂ-ಮಾಸ್ತರರಿಗೆಲ್ಲ ಬಾಯಿಲೆಕ್ಕ ಕಲಿಸಿದವರು ಅವರೇ. ನಾನು ಕಲಿತದ್ದೂ ಅವರಿಂದಲೇ.

ಮಳೆಗಾಲದ ಹೊತ್ತಿಗೆ ಚಿಕ್ಕಪ್ಪನಿಗೆ ಹಾವೇರಿಗೆ ವರ್ಗವಾಯಿತು. ಮೂಗರ್ಜಿಗೆ ಕೊಟ್ಟ ಉತ್ತರದ ಫಲವೋ, ಮೂರು ವರ್ಷ ತುಂಬಿದ್ದಕ್ಕೋ, ಗೊತ್ತಿಲ್ಲ. "ಅಲ್ಲೂ ಹೆಡ್‌ಮಾಸ್ತರು ಇರ್ತಾರಲ್ಲ!" ಎಂದು ಅವರು ಹುರುಪಿನಿಂದಲೇ ಗಾಡಿ ಹತ್ತಿದರು. ನಾನು ಹರಿಹರದವರೆಗೆ ಬೀಳ್ಕೊಡಲು ಹೋದೆ.

ಹರಿಹರದ ಸ್ಟೇಷನ್ನಿನಲ್ಲಿ ಹುಸೇನ್ ಮಾಸ್ತರು ಕಾಯುತ್ತಿದ್ದರು. ದೂರದಿಂದಲೇ ನಮ್ಮ ಡಬ್ಬಿ ಗುರುತಿಸಿ ಬೀಸುನಡಿಗೆಯಲ್ಲಿ ಬಂದರು. ನಾನು ಇಳಿದೆ. ಅವರು ಕಿಟಕಿಯೊಳಗೆ ಕೈ ಚಾಚಿದರು. ಚಿಕ್ಕಪ್ಪ ಹಿಡಿದುಕೊಂಡರು. ಗಾಡಿ ಸೀಟಿ ಊದಿ ಅಲುಗಿತು. ಚಿಕ್ಕಪ್ಪ ಕೈ ಬಿಡಲಿಲ್ಲ. ಮಾಸ್ತರು ನಡೆದರು. ಗಾಡಿ ಜೋರಾಯಿತು. ಮಾಸ್ತರೂ ಜೋರಾಗಿ ಹೆಜ್ಜೆ ಹಾಕಿದರು. ಕನ್ನಡಕದ ಕೆಳಗೆ ಕಣ್ಣೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು.

"ಬಿಡ್ರಿ ಸಾಹೇಬ್ರ, ಪ್ಲಾಟ್‌ಫಾರಂ ಮುಗೀತೈತೆ!"

"ಮುಗೀಲಿ ಮಾಸ್ತರ," ಚಿಕ್ಕಪ್ಪ ಕಿಟಕಿಯಿಂದ ಬಗ್ಗಿ ಕೂಗಿದರು. "ಅಲ್ಲೀತನಕ ಬರ್ರಿ!"