ನಮ್ಮ ಆಲ್ಬಮ್ಮಿಗೆ ಬಂದ ವಿಮರ್ಶೆ

ನನಗೆ ಸಿಟ್ಟು ಬರುವುದಿಲ್ಲ. ಇದು ಒಳ್ಳೆಯ ಗುಣ ಅಂತಲೇ ಇಷ್ಟು ವರ್ಷ ನಂಬಿಕೊಂಡಿದ್ದೆ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ನಾನೇ ‘ಸಾರಿ’ ಅನ್ನುವ ಗಿರಾಕಿ. ಇಂಥವನು ಹೆಂಡತಿ ಸವಿತಳ ಜೊತೆ ಸೇರಿ ಪೋಸ್ಟ್ ಪಂಕ್ ಆಲ್ಬಮ್ ಮಾಡಿದ ಅಂದರೆ ನಮ್ಮೂರು ನೊಣವಿನಕೆರೆಯಲ್ಲಿ ಇವತ್ತಿಗೂ ನಗುತ್ತಾರೆ. ಆ ಸಂಗೀತದಲ್ಲಿ ಒಬ್ಬರು ಒಂದೇ ಸಮನೆ ಡ್ರಮ್ ಬಡಿಯಬೇಕು, ಇನ್ನೊಬ್ಬರು ಗಿಟಾರ್ ಕೆರೆಯುತ್ತಾ ಲೋಕದ ಮೇಲೆ ಉರಿದು ಬೀಳಬೇಕು. ಡ್ರಮ್ ಅವಳದು. ಉರಿದು ಬೀಳುವ ಕೆಲಸ ನನ್ನದು.

ರೆಕಾರ್ಡಿಂಗ್ ಆಗಿದ್ದು ಅಡುಗೆಮನೆಯ ಮೇಲಿನ ಅಟ್ಟದಲ್ಲಿ. ಕಾಯಿ ಒಣಗಿ ಕೊಬ್ಬರಿಯಾಗುವ ಅಟ್ಟ. ಒಲೆಯ ಶಾಖ ಮೇಲೇರಲಿ ಅಂತ ನೆಲಕ್ಕೆ ಹಾಸಿದ ಅಡಿಕೆ ದಬ್ಬೆಗಳ ನಡುವೆ ಸಂದು ಬಿಟ್ಟಿದೆ. ಅರ್ಧ ಅಟ್ಟ ಖಾಲಿ ಮಾಡಿಸಿದ್ದಕ್ಕೆ ನಮ್ಮವ್ವ ಕೆಂಡಾಮಂಡಲವಾಗಿದ್ದಳು. “ಯಾರಾದ್ರೂ ತಿಳಿದೋರು ಚೆಂದಾಗೈತೆ ಅಂದ್ರೆ ಅಟ್ಟ ನಿಮ್ಗೆ. ಇಲ್ಲಾಂದ್ರೆ ಹೊಸ ಕಾಯಿ ಹಾಕ್ಸೋದೇಯ!” ಅಂತ ಕಟ್ಟಪ್ಪಣೆ ಮಾಡಿದಳು. ಸವಿತಳಿಗೆ ಆ ಅಟ್ಟ ಅಂದರೆ ಪ್ರಾಣ. ಮದುವೆಯಾಗಿ ಬಂದ ಮೇಲೆ ತನ್ನದು ಅಂತ ಈ ಮನೆಯಲ್ಲಿ ಅವಳಿಗೆ ಸಿಕ್ಕಿದ್ದ ಜಾಗ ಅದೊಂದೇ.

ಊರಿನ ವಿಮರ್ಶೆ ಮೊದಲು ಬಂತು. ಪಕ್ಕದ ತೋಟದ ಸಿದ್ದಣ್ಣ ಎರಡು ಹಾಡು ಕೇಳಿ, “ಬೇರಿಂಗ್ ಹೋಗಿರೋ ಪಂಪ್‌ಸೆಟ್ ಹಿಂಗೇ ಕೂಗೋದು ಕಣಪ್ಪ” ಅಂದ. ಆಮೇಲೆ ಬೆಂಗಳೂರಿನ ಒಂದು ವೆಬ್‌ಸೈಟಿನಲ್ಲಿ ಬಂತು. ಸವಿತ ಫೋನ್ ಹಿಡಿದು ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿದಳು. ಡ್ರಮ್ಮು ಪರವಾಗಿಲ್ಲವಂತೆ. ಗಾಯಕರ ಸಿಟ್ಟು ಮಾತ್ರ ಹೊಟ್ಟೆ ತುಂಬಿದವರ ಸಿಟ್ಟಂತೆ. ನಿಜ ಕಣ್ರೀ, ತಿಂಡಿ ಮುಗಿಸದೆ ನಾನು ಅಟ್ಟ ಹತ್ತಿದವನೇ ಅಲ್ಲ! ಆದರೆ ಕೊನೆಯ ಹಾಡಿನಲ್ಲಿ ಕೆಳಗಿನಿಂದ ಬರುವ ಹೆಂಗಸಿನ ದನಿಯೊಂದಿದೆ, ಇಡೀ ಆಲ್ಬಮ್ಮಿನಲ್ಲಿ ಚೆಂದವಾಗಿರುವುದು, ಕೆಚ್ಚಿರುವುದು ಅದೊಂದೇ ಅಂತ ಬರೆದಿದ್ದರು.

ಅದು ನಮ್ಮವ್ವ. “ಮುದ್ದೆ ಆರೋಯ್ತದೆ, ಇಳೀತೀರೋ ಇಲ್ಲ ಎಮ್ಮೆಗೆ ಹಾಕ್ಲೋ!” ಅಂತ ಕೂಗಿದ್ದು ದಬ್ಬೆಯ ಸಂದಿಯಲ್ಲಿ ತೂರಿ ಮೈಕಿಗೆ ಬಿದ್ದಿತ್ತು. ನಮಗೆ ಗೊತ್ತೇ ಆಗಿರಲಿಲ್ಲ. ಆ ಕೂಗು ನಮ್ಮ ಕಿವಿಗೆ ಅಷ್ಟು ರೂಢಿ.

ಅವ್ವ “ಇನ್ನೊಂದ್ಸಲ ಓದೇ” ಅಂದಳು. ಕೇಳಿ, ಸೆರಗು ಸರಿಮಾಡಿಕೊಂಡು ತೀರ್ಪು ಕೊಟ್ಟಳು: “ಅಟ್ಟ ಇರ್ಲಿ ಬುಡು. ಇವಳು ಬಡೀಲಿ, ನಾನು ಕೂಗ್ತೀನಿ. ನೀನು ಕೆಳಗೇ ಇದ್ದು ಮುದ್ದೆ ತಿರುವು ಕಣ್ಲಾ.” ಸವಿತ ಕುಣಿದೇ ಬಿಟ್ಟಳು. ಮುದ್ದೆ ತಿರುವುವ ಕೋಲನ್ನು ತಾನೇ ತಂದು ನನ್ನ ಕೈಗಿಟ್ಟಳು.

ಈಗ ಅತ್ತೆ ಸೊಸೆ ಅಟ್ಟದಲ್ಲಿ ಒಂದಾಗಿ ಲೋಕವನ್ನು ಬೈಯುತ್ತಾರೆ, ನಾನು ಕೆಳಗೆ ಕೋಲು ಹಿಡಿದಿರುತ್ತೇನೆ. ಬೇಜಾರೇನಿಲ್ಲ. ಮೊನ್ನೆ ಅವ್ವ ಒಂದು ತುತ್ತು ನುಂಗಿ, “ಗಂಟಿಲ್ಲ” ಅಂದಳು. ನನಗೆ ಬಂದ ಮೊದಲ ಒಳ್ಳೆಯ ವಿಮರ್ಶೆ.